ಸ್ಟಿಮಾಚ್ ಹೋದರು, ಗೋಲು ಹೊಡೆಯುವವರು ಯಾರು?

2024ರ ಜೂನ್ 11ರ ರಾತ್ರಿ ದೋಹಾದಲ್ಲಿ ನಮ್ಮ ಫುಟ್‌ಬಾಲ್ ತಂಡಕ್ಕೆ ಆಗಿದ್ದು ಅನ್ಯಾಯ. ಅದರಲ್ಲಿ ಎರಡು ಮಾತಿಲ್ಲ. 37ನೇ ನಿಮಿಷದಲ್ಲಿ ಛಾಂಗ್ಟೆ ಹೊಡೆದ ಗೋಲಿನಿಂದ ಭಾರತ ಕತಾರ್ ಎದುರು ಮುಂದಿತ್ತು. 73ನೇ ನಿಮಿಷದಲ್ಲಿ ಕತಾರ್‌ನವರ ಹೆಡರ್ ಒಂದನ್ನು ನಾಯಕ ಗುರುಪ್ರೀತ್ ಸಿಂಗ್ ಸಂಧು ತಡೆದರು. ಚೆಂಡು ಕಂಬದ ಪಕ್ಕದಲ್ಲಿ ಗೆರೆ ದಾಟಿ ಹೊರಗೆ ಹೋಯಿತು. ಕತಾರ್‌ನ ಆಟಗಾರನೊಬ್ಬ ಅದನ್ನು ಕಾಲಿನಿಂದ ಮತ್ತೆ ಒಳಗೆ ಎಳೆದರು, ಯೂಸೆಫ್ ಐಮನ್ ಬಲೆಗೆ ತಳ್ಳಿದರು. ರೆಫರಿ ಗೋಲು ಕೊಟ್ಟುಬಿಟ್ಟರು. ವಿಡಿಯೊ ನೋಡಿ ರೆಫರಿಯ ತಪ್ಪು ತಿದ್ದುವ ವಿಎಆರ್ ಈ ಸುತ್ತಿನಲ್ಲಿ ಇರಲಿಲ್ಲ. 85ನೇ ನಿಮಿಷಕ್ಕೆ ಇನ್ನೊಂದು ಗೋಲು ಬಿತ್ತು. 2-1. ವಿಶ್ವಕಪ್ ಅರ್ಹತಾ ಪಂದ್ಯಗಳ ಮೂರನೇ ಸುತ್ತಿಗೆ ಹೋಗುವ ಕನಸು ಅಲ್ಲಿಗೆ ಮುಗಿಯಿತು.

ಆರು ದಿನ ಬಿಟ್ಟು, ಜೂನ್ 17ಕ್ಕೆ, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೋಚ್ ಇಗೋರ್ ಸ್ಟಿಮಾಚ್ ಅವರನ್ನು ಮನೆಗೆ ಕಳಿಸಿತು. 2019ರ ಮೇ ತಿಂಗಳಲ್ಲಿ ಬಂದವರು ಅವರು. ಐದು ವರ್ಷ, 53 ಪಂದ್ಯ. ಶೂಟೌಟ್‌ಗಳ ಫಲಿತಾಂಶವನ್ನೂ ಸೇರಿಸಿದರೆ 19 ಗೆಲುವು, 14 ಡ್ರಾ, 20 ಸೋಲು. ನಾಲ್ಕು ಟ್ರೋಫಿ. ಬಂದಾಗ ಫಿಫಾ ರ‍್ಯಾಂಕಿಂಗ್‌ನಲ್ಲಿ ಭಾರತ 101ನೇ ಸ್ಥಾನದಲ್ಲಿತ್ತು, 2024ರ ಜೂನ್‌ನಲ್ಲಿ 124.

ಆ ತಪ್ಪು ಗೋಲನ್ನೇ ಹಿಡಿದುಕೊಂಡು ಕೂತರೆ ಈ ಐದು ವರ್ಷ ನಮಗೆ ಅರ್ಥವಾಗುವುದಿಲ್ಲ. ಯಾಕೆ ಅಂತ ನೋಡೋಣ.

ಗುಂಪಿನ ಲೆಕ್ಕ ಹೀಗಿದೆ. ಕತಾರ್ 16 ಅಂಕ, ಕುವೈತ್ 7, ಭಾರತ 5, ಅಫ್ಘಾನಿಸ್ತಾನ 5. ಮೊದಲ ಎರಡು ತಂಡಗಳು ಮುಂದೆ ಹೋಗುತ್ತವೆ, ಜೊತೆಗೆ 2027ರ ಏಷ್ಯನ್ ಕಪ್‌ಗೆ ನೇರ ಪ್ರವೇಶವೂ ಸಿಗುತ್ತದೆ. ಮಾರ್ಚ್ 26ರಂದು ಗುವಾಹಟಿಯಲ್ಲಿ ಭಾರತ ಅಫ್ಘಾನಿಸ್ತಾನವನ್ನು ಸೋಲಿಸಿದ್ದರೆ ನಮ್ಮ ಅಂಕ 8 ಆಗುತ್ತಿತ್ತು. ಆಗ ದೋಹಾದಲ್ಲಿ ಸೋತರೂ ನಾವು ಕುವೈತ್‌ಗಿಂತ ಮೇಲಿರುತ್ತಿದ್ದೆವು. ರೆಫರಿ ಕಣ್ಣು ತಪ್ಪಿದ್ದು ನಮ್ಮ ಕೈಯಲ್ಲಿರಲಿಲ್ಲ. ಗುವಾಹಟಿ ನಮ್ಮ ಕೈಯಲ್ಲಿತ್ತು.

ಅಲ್ಲಿ ಏನಾಯಿತು? ಎದುರಾಳಿ ರ‍್ಯಾಂಕಿಂಗ್‌ನಲ್ಲಿ 158ನೇ ಸ್ಥಾನದ ತಂಡ. ತಮ್ಮ ಫೆಡರೇಷನ್ ಜೊತೆಗಿನ ಜಗಳದಿಂದ ಅವರ ಹಲವು ಮುಖ್ಯ ಆಟಗಾರರು ಬಂದೇ ಇರಲಿಲ್ಲ. ನಮ್ಮ ಮುಖ್ಯ ಸ್ಟ್ರೈಕರ್ ಸುನಿಲ್ ಚೆಟ್ರಿಗೆ ಅದು 150ನೇ ಪಂದ್ಯ. ಅವರೇ ಪೆನಾಲ್ಟಿಯಲ್ಲಿ ಗೋಲು ಹೊಡೆದು ಮುನ್ನಡೆ ಕೊಟ್ಟರು. ಕೊನೆಯ ಇಪ್ಪತ್ತು ನಿಮಿಷದಲ್ಲಿ ಎರಡು ಗೋಲು ಬಿಟ್ಟುಕೊಟ್ಟು ನಾವು 1-2ರಿಂದ ಸೋತೆವು. ಅದಕ್ಕೂ ಮೊದಲು ಸೌದಿಯ ಅಭಾದಲ್ಲಿ ಇದೇ ತಂಡದ ಜೊತೆ 0-0. ಅಂದರೆ ಗುಂಪಿನ ಅತಿ ಸುಲಭದ ಎದುರಾಳಿಯಿಂದ ಆರರಲ್ಲಿ ಒಂದೇ ಅಂಕ.

ಸ್ಟಿಮಾಚ್ ಕಾಲವನ್ನು ಅಳೆಯೋಕೆ ಅಫ್ಘಾನಿಸ್ತಾನಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಾಣುವುದಿಲ್ಲ. ಐದು ವರ್ಷದಲ್ಲಿ ಅವರ ತಂಡ ಅಫ್ಘಾನಿಸ್ತಾನದ ಎದುರು ಐದು ಸಲ ಆಡಿತು. 2019ರಲ್ಲಿ ದುಶಾಂಬೆಯಲ್ಲಿ 1-1, ಅದೂ ಹೆಚ್ಚುವರಿ ಸಮಯದಲ್ಲಿ ಕಾರ್ನರ್‌ನಿಂದ ಬಂದ ಗೋಲು. 2021ರಲ್ಲಿ ದೋಹಾದಲ್ಲಿ 1-1, ಅವರ ಗೋಲ್‌ಕೀಪರ್ ಕೈಜಾರಿ ಬಿದ್ದ ಸ್ವಂತ ಗೋಲು. 2022ರಲ್ಲಿ ಕೋಲ್ಕತ್ತದಲ್ಲಿ 2-1, 86ನೇ ನಿಮಿಷಕ್ಕೆ ಚೆಟ್ರಿ ಫ್ರೀಕಿಕ್, ಹೆಚ್ಚುವರಿ ಸಮಯದಲ್ಲಿ ಸಹಲ್ ಅಬ್ದುಲ್ ಸಮದ್. ಆಮೇಲೆ 2024ರ ಎರಡು ಪಂದ್ಯ. ಐದರಲ್ಲಿ ಒಂದೇ ಗೆಲುವು. ಮೊದಲ ಪಂದ್ಯಕ್ಕೂ ಕೊನೆಯ ಪಂದ್ಯಕ್ಕೂ ನಡುವೆ ನಾಲ್ಕೂವರೆ ವರ್ಷದ ಕೆಲಸ ಇದೆ. ಆ ಕೆಲಸ ಅಂಕಪಟ್ಟಿಯಲ್ಲಿ ಕಾಣಲಿಲ್ಲ.

ಹಾಗಾದರೆ ಆ 19 ಗೆಲುವು ಎಲ್ಲಿಂದ ಬಂತು?

2022ರ ಜೂನ್‌ನಿಂದ 2023ರ ಜುಲೈವರೆಗೆ ಭಾರತ ನಮ್ಮ ನೆಲದಲ್ಲಿ 14 ಪಂದ್ಯ ಆಡಿತು. ಕೋಲ್ಕತ್ತದಲ್ಲಿ ಏಷ್ಯನ್ ಕಪ್ ಅರ್ಹತಾ ಸುತ್ತು, ಇಂಫಾಲ್‌ನಲ್ಲಿ ತ್ರಿಕೋನ ಸರಣಿ, ಭುವನೇಶ್ವರದಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್, ನಮ್ಮ ಬೆಂಗಳೂರಿನಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಷಿಪ್. ಈ 14ರಲ್ಲಿ ಎರಡು ಶೂಟೌಟ್ ಸೇರಿ 12 ಗೆಲುವು, 2 ಡ್ರಾ. ಸೋಲೇ ಇಲ್ಲ. ಮಿಕ್ಕ 39 ಪಂದ್ಯಗಳಲ್ಲಿ ಗೆಲುವು ಬರೀ ಏಳು. ಆ ಏಳರಲ್ಲಿ ಮೂರು ನೇಪಾಳದ ಮೇಲೆ. ಉಳಿದವು ಥಾಯ್ಲೆಂಡ್, ಬಾಂಗ್ಲಾದೇಶ, ಮಾಲ್ಡೀವ್ಸ್ ಮತ್ತು ಕುವೈತ್ ಮೇಲೆ.

ಆ ಹದಿಮೂರು ತಿಂಗಳನ್ನು ನಾನು ಹಗುರ ಮಾಡಿ ಹೇಳುತ್ತಿಲ್ಲ. 2023ರ ಜುಲೈ 4ರಂದು ಕಂಠೀರವ ಕ್ರೀಡಾಂಗಣದಲ್ಲಿ ಕೂತಿದ್ದವರಿಗೆ ಅದು ಜನ್ಮಕ್ಕೆ ಮರೆಯದ ರಾತ್ರಿ. ಕುವೈತ್ ಮೊದಲು ಗೋಲು ಹೊಡೆಯಿತು. ಛಾಂಗ್ಟೆ ಸಮ ಮಾಡಿದರು. ಶೂಟೌಟ್‌ನ ಕೊನೆಯ ಒದೆತವನ್ನು ಗುರುಪ್ರೀತ್ ತಡೆದರು. 2023ರ ಮಾರ್ಚ್‌ನಿಂದ ಆ ರಾತ್ರಿವರೆಗಿನ 11 ಪಂದ್ಯಗಳಲ್ಲಿ ಭಾರತ ಬಿಟ್ಟುಕೊಟ್ಟಿದ್ದು ಎರಡೇ ಗೋಲು. ಅದರಲ್ಲಿ ಒಂದು ನಮ್ಮದೇ ಸ್ವಂತ ಗೋಲು. ಕುವೈತ್, ಲೆಬನಾನ್, ಕಿರ್ಗಿಸ್ತಾನ ಸುಮ್ನೆ ಬಂದು ಹೋಗುವ ತಂಡಗಳಲ್ಲ. ಆ ತಿಂಗಳು ರ‍್ಯಾಂಕಿಂಗ್‌ನಲ್ಲಿ ನಾವು 99ಕ್ಕೆ ಬಂದೆವು. ಮೂರಂಕಿಯಿಂದ ಎರಡಂಕಿಗೆ ಇಳಿದ ಖುಷಿ ಎಲ್ಲರಿಗೂ ಇತ್ತು.

ಆದರೆ ಆ 11 ಪಂದ್ಯಗಳ ಗೋಲುಗಳನ್ನು ಒಂದೊಂದಾಗಿ ಎಣಿಸಿ ನೋಡಿ. ಒಟ್ಟು 16 ಗೋಲು. ಅದರಲ್ಲಿ ಎಂಟು ಚೆಟ್ರಿ ಒಬ್ಬರದೇ. ಸರಿಯಾಗಿ ಅರ್ಧ. ಇನ್ನರ್ಧ ಯಾರದು? ಛಾಂಗ್ಟೆ ಮೂರು, ಥಾಪಾ, ಜಿಂಗನ್, ಸಹಲ್, ಉದಾಂತ, ಮಹೇಶ್ ಒಂದೊಂದು. ಛಾಂಗ್ಟೆ, ಉದಾಂತ, ಮಹೇಶ್ ಅಂಚಿನಲ್ಲಿ ಓಡುವವರು. ಥಾಪಾ, ಸಹಲ್ ಮಿಡ್‌ಫೀಲ್ಡರ್‌ಗಳು. ಜಿಂಗನ್ ಡಿಫೆಂಡರ್. ಚೆಟ್ರಿ ಬಿಟ್ಟರೆ ಮುಂದಿನ ಸಾಲಿನ ನಡುವೆ ನಿಲ್ಲುವ ಒಬ್ಬನೇ ಒಬ್ಬ ಸ್ಟ್ರೈಕರ್ ಹೆಸರು ಆ ಪಟ್ಟಿಯಲ್ಲಿಲ್ಲ. ಭಾರತೀಯ ಫುಟ್‌ಬಾಲ್ ಜಾಸ್ತಿ ಹಿಗ್ಗಿದ್ದ ದಿನಗಳಲ್ಲೇ ಆ ಜಾಗ ಖಾಲಿ ಇತ್ತು. ಆಗ ಚೆಟ್ರಿಗೆ 38 ವರ್ಷ.

ಮುಂದೇನಾಯಿತು ಅಂತ ನಮಗೆ ಗೊತ್ತು. 2023ರ ನವೆಂಬರ್ 16ರಂದು ಕುವೈತ್‌ಗೆ ಹೋಗಿ ಮನ್‌ವೀರ್ ಸಿಂಗ್ ಗೋಲಿನಿಂದ 1-0 ಗೆದ್ದೆವು. ಈ ಅವಧಿಯ ನಿಜವಾದ ದೊಡ್ಡ ಗೆಲುವು ಅದು ಎಂದೇ ನನ್ನ ಲೆಕ್ಕ. ಆಮೇಲೆ ಎಂಟು ಪಂದ್ಯ, ಒಂದೂ ಗೆಲುವಿಲ್ಲ. ಕತಾರ್ 0-3. ಏಷ್ಯನ್ ಕಪ್‌ನಲ್ಲಿ ಆಸ್ಟ್ರೇಲಿಯಾ 0-2, ಉಜ್ಬೇಕಿಸ್ತಾನ 0-3, ಸಿರಿಯಾ 0-1. ಅಫ್ಘಾನಿಸ್ತಾನದ ಎರಡು ಪಂದ್ಯ. ಕುವೈತ್ ಜೊತೆ 0-0. ಈ ಏಳು ಪಂದ್ಯಗಳಲ್ಲಿ ನಮಗೆ ಸಿಕ್ಕಿದ್ದು ಚೆಟ್ರಿಯ ಒಂದು ಪೆನಾಲ್ಟಿ ಮಾತ್ರ. ಮನ್‌ವೀರ್ ಗೋಲಿನ ನಂತರ ಆಟದ ನಡುವೆ ಇನ್ನೊಂದು ಗೋಲು ಬರೋಕೆ ಛಾಂಗ್ಟೆಯ ದೋಹಾ ಗೋಲಿನವರೆಗೆ, ಹತ್ತಿರ ಹತ್ತಿರ ಏಳು ತಿಂಗಳು, ಕಾಯಬೇಕಾಯಿತು.

ಸ್ಟಿಮಾಚ್ ಇದಕ್ಕೆ ಕೊಡುತ್ತಿದ್ದ ಉತ್ತರ ಒಂದೇ: ನನಗೆ ಸಮಯ ಕೊಡಲಿಲ್ಲ. ಇದನ್ನು ಸುಲಭವಾಗಿ ತಳ್ಳಿಹಾಕುವ ಹಾಗಿಲ್ಲ. ಅವರ ಮಾತಿನಲ್ಲಿ ಸತ್ಯ ಇದೆ.

2022ರಲ್ಲಿ ಬಳ್ಳಾರಿಯಲ್ಲಿ ಶಿಬಿರ ಶುರುವಾಯಿತು, ಆಮೇಲೆ ಕೋಲ್ಕತ್ತದಲ್ಲಿ ಮುಂದುವರಿಯಿತು. ವಾರಗಟ್ಟಲೆ ಒಟ್ಟಿಗೆ ಇದ್ದ ಆ ತಂಡ ಕಾಂಬೋಡಿಯಾ, ಅಫ್ಘಾನಿಸ್ತಾನ, ಹಾಂಗ್‌ಕಾಂಗ್ ಮೂರನ್ನೂ ಸೋಲಿಸಿತು. ಹಾಂಗ್‌ಕಾಂಗ್ ಮೇಲೆ 4-0. 2023ರಲ್ಲೂ ಮೇ ತಿಂಗಳಿಂದ ಜುಲೈ ಶುರುವಿನವರೆಗೆ ಹುಡುಗರು ಒಟ್ಟಿಗಿದ್ದರು, ಎರಡು ಟ್ರೋಫಿ ಬಂತು. ಇನ್ನೊಂದು ಕಡೆ ಹಾಂಗ್‌ಝೌ ಏಷ್ಯನ್ ಗೇಮ್ಸ್ ನೋಡಿ. ಕ್ಲಬ್‌ಗಳು ಆಟಗಾರರನ್ನು ಬಿಡಲು ಒಪ್ಪಲಿಲ್ಲ. ಕೊನೆ ಗಳಿಗೆಯಲ್ಲಿ ಸಿಕ್ಕವರನ್ನು ಒಟ್ಟು ಮಾಡಿ ಕಳಿಸಿದರು. ಊರು ತಲುಪಿದ ಒಂದು ದಿನದೊಳಗೆ ಚೀನಾ ಎದುರು ಆಡಿ 1-5ರಿಂದ ಸೋತರು. ಏಷ್ಯನ್ ಕಪ್‌ಗೂ ಹಾಗೇ, ನಮ್ಮ ಕ್ಲಬ್‌ಗಳ ಲೀಗ್ ಐಎಸ್‌ಎಲ್‌ನ ಪಂದ್ಯಗಳು ಡಿಸೆಂಬರ್ ಕೊನೆಯವರೆಗೆ ನಡೆದವು. ಆಸ್ಟ್ರೇಲಿಯಾದಂಥ ತಂಡವನ್ನು ಎದುರಿಸೋಕೆ ಸಿಕ್ಕಿದ್ದು ಎರಡು ವಾರ. ಅದರ ಮೇಲೆ ಅನ್ವರ್ ಅಲಿ, ಜೀಕ್ಸನ್ ಸಿಂಗ್, ಆಶಿಕ್ ಕುರುನಿಯನ್ ಗಾಯದಿಂದ ಹೊರಗೆ. ಇಷ್ಟರ ನಡುವೆಯೂ ಆಸ್ಟ್ರೇಲಿಯಾವನ್ನು ಮೊದಲರ್ಧ ಪೂರ್ತಿ 0-0ಗೆ ಹಿಡಿದಿಟ್ಟ ಹುಡುಗರ ಬಗ್ಗೆ ನನಗೆ ಗೌರವ ಇದೆ.

ಅಲ್ಲಿಗೆ ಸ್ಟಿಮಾಚ್ ವಾದ ಗೆದ್ದ ಹಾಗೆ ಕಾಣುತ್ತದೆ. ಸಮಯ ಕೊಟ್ಟರೆ ಗೆಲ್ಲುತ್ತೇವೆ, ಕೊಡದಿದ್ದರೆ ಸೋಲುತ್ತೇವೆ. ಸರಿ ತಾನೇ?

ಈ ವಾದಕ್ಕೆ ನಿಜವಾದ ಪರೀಕ್ಷೆ ಬಂದಿದ್ದು 2024ರ ಜೂನ್ 6ರಂದು. ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಕುವೈತ್ ವಿರುದ್ಧ ಚೆಟ್ರಿಯ ವಿದಾಯದ ಪಂದ್ಯ. ಗೆದ್ದರೆ ಮೂರನೇ ಸುತ್ತಿನ ಬಾಗಿಲು ಮುಕ್ಕಾಲು ತೆರೆದ ಹಾಗೆ. ಈ ಸಲ ಸ್ಟಿಮಾಚ್‌ಗೆ ಸಮಯ ಸಿಕ್ಕಿತ್ತು. ಐಎಸ್‌ಎಲ್ ಮುಗಿದಿತ್ತು, ಭುವನೇಶ್ವರದಲ್ಲಿ ಮೇ 10ರಿಂದಲೇ ಶಿಬಿರ ನಡೆದಿತ್ತು. ಹತ್ತಿರ ಹತ್ತಿರ ನಾಲ್ಕು ವಾರ. ಮೈದಾನ ನಮ್ಮದು, ಜನ ನಮ್ಮವರು, ಎದುರಾಳಿಯನ್ನು ಒಂದು ವರ್ಷದಲ್ಲಿ ಮೂರು ಸಲ ನೋಡಿಯಾಗಿತ್ತು. ಫಲಿತಾಂಶ 0-0. ದ್ವಿತೀಯಾರ್ಧದಲ್ಲಿ ಬದಲಿ ಆಟಗಾರ ರಹೀಂ ಅಲಿ ಗೋಲ್‌ಕೀಪರ್ ಎದುರು ಒಬ್ಬರೇ ನಿಂತರು. ಚೆಂಡು ಒಳಗೆ ಹೋಗಲಿಲ್ಲ.

ಆ ಒಂದು ಕ್ಷಣಕ್ಕೆ ರಹೀಂ ಅಲಿಯನ್ನು ಬಯ್ಯುವುದು ಸರಿಯಲ್ಲ. ಆ ಹುಡುಗ ಕ್ಲಬ್‌ನಲ್ಲಿ ಎಷ್ಟು ಸಲ ಅಂಥ ಜಾಗದಲ್ಲಿ ನಿಲ್ಲುತ್ತಾನೆ? ಐಎಸ್‌ಎಲ್ 2014ರಲ್ಲಿ ಶುರುವಾದಾಗಿನಿಂದ 2023-24ರವರೆಗೆ ಒಂದು ಸೀಸನ್‌ನಲ್ಲೂ ಅತಿ ಹೆಚ್ಚು ಗೋಲಿಗೆ ಕೊಡುವ ಗೋಲ್ಡನ್ ಬೂಟ್ ಭಾರತೀಯನಿಗೆ ಸಿಗಲಿಲ್ಲ. 2023-24ರಲ್ಲೂ ಅದು ಕೇರಳ ಬ್ಲಾಸ್ಟರ್ಸ್‌ನ ಗ್ರೀಕ್ ಆಟಗಾರ ಡಯಾಮಂಟಾಕೊಸ್ ಅವರಿಗೆ ಹೋಯಿತು. ಕ್ಲಬ್‌ಗಳು ಮುಂದಿನ ಸಾಲಿನ ನಡುವೆ ವಿದೇಶಿಯನ್ನೇ ನಿಲ್ಲಿಸುತ್ತವೆ, ಯಾಕೆಂದರೆ ಅವರಿಗೆ ಗೋಲು ಬೇಕು, ಇವತ್ತೇ ಬೇಕು. ನಮ್ಮ ಹುಡುಗರು ಅಂಚಿಗೆ ಸರಿಯುತ್ತಾರೆ, ಇಲ್ಲವೇ ಬೆಂಚಿನಲ್ಲಿ ಕೂರುತ್ತಾರೆ. ಮನ್‌ವೀರ್ ಸ್ಟ್ರೈಕರ್ ಆಗಿ ಬೆಳೆದವರು, ಮೋಹನ್ ಬಾಗಾನ್‌ನಲ್ಲಿ ಬಲ ಅಂಚಿನಲ್ಲಿ ಆಡುತ್ತಿದ್ದರು. ಹೀಗಿರುವಾಗ ದೇಶದ ಕೋಚ್ ಒಬ್ಬರು ಎರಡು ವಾರದ ಶಿಬಿರದಲ್ಲಿ ಸ್ಟ್ರೈಕರ್ ತಯಾರು ಮಾಡೋಕಾಗುತ್ತದಾ? ಆಗಲ್ಲ.

ಆದರೆ ಅವರಿಗಿದ್ದದ್ದು ಎರಡು ವಾರ ಅಲ್ಲ, ಐದು ವರ್ಷ. ನನ್ನ ತಕರಾರು ಇರುವುದು ಇಲ್ಲೇ. ಚೆಟ್ರಿಗೆ ವಯಸ್ಸಾಗುತ್ತಿದೆ ಎನ್ನುವುದು 2019ರಲ್ಲೇ ಗೊತ್ತಿದ್ದ ಸಂಗತಿ. ಒಬ್ಬ ಒಳ್ಳೆ ಸ್ಟ್ರೈಕರ್ ಸಿಗದಿದ್ದರೆ, ಸ್ಟ್ರೈಕರ್ ಇಲ್ಲದೆಯೂ ಗೋಲು ಹೊಡೆಯುವ ದಾರಿ ಹುಡುಕುವುದು ಕೋಚ್ ಕೆಲಸ. ಕಾರ್ನರ್, ಫ್ರೀಕಿಕ್‌ಗಳಲ್ಲಿ ಪಳಗಿಸಬಹುದು. ಛಾಂಗ್ಟೆಯಂಥ ವೇಗದ ಹುಡುಗನನ್ನು ಒಳಗೆ ತಂದು ಆಡಿಸುವ ಒಂದು ಸ್ಥಿರ ಯೋಜನೆ ಮಾಡಬಹುದು. ಇಶಾನ್ ಪಂಡಿತ, ರಹೀಂ ಅಲಿ, ಮನ್‌ವೀರ್ ಈ ಮೂವರಲ್ಲಿ ಒಬ್ಬರಿಗೆ ಸೋಲಲಿ ಗೆಲ್ಲಲಿ ಅಂತ ಸತತ ಹತ್ತು ಪಂದ್ಯ ಕೊಡಬಹುದು. ಅದ್ಯಾವುದೂ ಗಟ್ಟಿಯಾಗಿ ನಡೆಯಲಿಲ್ಲ. ಕಷ್ಟ ಬಂದಾಗಲೆಲ್ಲ ಚೆಟ್ರಿ ಕಡೆಗೇ ನೋಡಿದೆವು. ವಿದೇಶದಲ್ಲಿರುವ ಭಾರತೀಯ ಮೂಲದವರನ್ನು ಆಡಿಸಬೇಕು ಎಂದು ಸ್ಟಿಮಾಚ್ ಕೇಳುತ್ತಲೇ ಇದ್ದರು. ನಮ್ಮ ಕಾನೂನು ಎರಡು ದೇಶದ ಪೌರತ್ವ ಒಪ್ಪುವುದಿಲ್ಲ, ಭಾರತದ ಪಾಸ್‌ಪೋರ್ಟ್ ಇಲ್ಲದೆ ಆಡುವ ಹಾಗಿಲ್ಲ. ಆಗದ ಕೆಲಸದ ಬಗ್ಗೆ ಆಡಿದ ಮಾತು ಆಗುವ ಕೆಲಸದ ಸಮಯವನ್ನು ತಿಂದಿತು ಅಂತ ನನಗನಿಸುತ್ತದೆ.

ಅವರು ಕೊಟ್ಟಿದ್ದನ್ನೂ ಹೇಳಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಮೊದಲನೆಯದು ಹೊಸಬರ ಮೇಲಿನ ನಂಬಿಕೆ. 2021ರ ಮಾರ್ಚ್‌ನಲ್ಲಿ ದುಬೈನಲ್ಲಿ ಒಮಾನ್ ವಿರುದ್ಧ ಒಂದೇ ಪಂದ್ಯದಲ್ಲಿ ಹತ್ತು ಮಂದಿಗೆ ದೇಶದ ಪರ ಮೊದಲ ಸಲ ಆಡುವ ಅವಕಾಶ ಕೊಟ್ಟರು. ಆಕಾಶ್ ಮಿಶ್ರಾ, ಅಪುಯಾ, ಜೀಕ್ಸನ್, ಸುರೇಶ್ ವಾಂಗ್ಜಮ್ ಆ ಹತ್ತರಲ್ಲಿದ್ದರು. ಪಂದ್ಯ 1-1 ಆಯಿತು. ನಾಲ್ಕೇ ದಿನಕ್ಕೆ ಯುಎಇ ಎದುರು 0-6 ಆಗಿ ಎಲ್ಲರೂ ಬೈದರು. ಆದರೂ ಆ ಹುಡುಗರನ್ನು ಬಿಡಲಿಲ್ಲ. ಆಮೇಲಿನ ತಂಡದ ಬೆನ್ನೆಲುಬಾಗಿದ್ದು ಅವರೇ.

ಎರಡನೆಯದು ಆಡುವ ರೀತಿ. ಇವರ ಹಿಂದೆ ಇದ್ದ ಸ್ಟೀಫನ್ ಕಾನ್‌ಸ್ಟಂಟೈನ್ ಕಾಲದಲ್ಲಿ ಚೆಂಡನ್ನು ಉದ್ದಕ್ಕೆ ಒದ್ದು ಹಿಂದೆ ಓಡುವ ಆಟ ಜಾಸ್ತಿ. ಆ ಆಟವೂ ಫಲ ಕೊಟ್ಟಿತ್ತು, 173ರಿಂದ 96ರವರೆಗೆ ಏರಿದ್ದು ಆಗಲೇ. ಸ್ಟಿಮಾಚ್ ಹಿಂದಿನಿಂದ ಪಾಸ್ ಮಾಡುತ್ತಾ ಬರೋಣ ಎಂದರು. 2019ರ ಸೆಪ್ಟೆಂಬರ್ 10ರಂದು ದೋಹಾದಲ್ಲಿ ಏಷ್ಯಾ ಚಾಂಪಿಯನ್ ಕತಾರ್ ಜೊತೆ 0-0 ಮಾಡಿಕೊಂಡಾಗ, ಅದೂ ಚೆಟ್ರಿ ಇಲ್ಲದೆ, ಗುರುಪ್ರೀತ್ ಗೋಡೆಯ ಹಾಗೆ ನಿಂತಾಗ, ಇದು ಬೇರೆಯೇ ಭಾರತ ಅನಿಸಿತ್ತು. ಆ ಅನಿಸಿಕೆ ಸುಳ್ಳಲ್ಲ. ಅದನ್ನು ಮುಂದುವರಿಸೋಕೆ ಆಗಲಿಲ್ಲ ಅಷ್ಟೇ. ಅದೇ ಅರ್ಹತಾ ಸುತ್ತಿನ ಎಂಟು ಪಂದ್ಯದಲ್ಲಿ ನಾವು ಗೆದ್ದಿದ್ದು ಒಂದು, ಹೊಡೆದಿದ್ದು ಆರು ಗೋಲು. ಮೂರು ಚೆಟ್ರಿಯವು, ಒಂದು ಎದುರಾಳಿಯ ಸ್ವಂತ ಗೋಲು. ಸಮಸ್ಯೆ ಮೊದಲ ದಿನದಿಂದಲೂ ಅದೇ.

ನಡವಳಿಕೆಯ ಬಗ್ಗೆ ಉದ್ದಕ್ಕೆ ಬರೆಯಬೇಕಿಲ್ಲ. ಬೆಂಗಳೂರಿನ ಸ್ಯಾಫ್‌ನಲ್ಲಿ ಪಾಕಿಸ್ತಾನದವರು ಥ್ರೋ ಮಾಡುತ್ತಿದ್ದಾಗ ಚೆಂಡಿಗೆ ಕೈ ಹಾಕಿ ಕೆಂಪು ಕಾರ್ಡ್ ಪಡೆದರು. ಕುವೈತ್ ವಿರುದ್ಧ ಮತ್ತೊಂದು. ಫೈನಲ್ ದಿನ ಬೆಂಚಿನಲ್ಲಿ ನಿಂತು ತಂಡ ನಡೆಸಿದ್ದು ಸಹಾಯಕ ಕೋಚ್ ಮಹೇಶ್ ಗಾವ್ಳಿ. ಆಟಗಾರರ ಪರ ನಿಲ್ಲುವ ಕೋಚ್ ಅಂತ ಆಗ ಬಹಳ ಜನ ಮೆಚ್ಚಿದರು. ದೊಡ್ಡ ಪಂದ್ಯದ ದಿನ ತಂಡದ ಜೊತೆ ನಿಲ್ಲಲಾಗದ್ದು ತಂಡಕ್ಕೆ ನಷ್ಟವೇ. 2022ರ ಅಫ್ಘಾನಿಸ್ತಾನ ಪಂದ್ಯದ ಹೊತ್ತಿಗೆ ಯಾರನ್ನು ಆಡಿಸಬೇಕೆಂದು ಜ್ಯೋತಿಷಿಯನ್ನು ಕೇಳಿದ್ದರು ಎಂದು 2023ರ ಸೆಪ್ಟೆಂಬರ್‌ನಲ್ಲಿ ಬಂದ ಪತ್ರಿಕಾ ವರದಿ ಇನ್ನೂ ಬೇಸರ ತರಿಸಿತು. ಬೆಳಗ್ಗೆ ಎದ್ದು ಬೆವರು ಸುರಿಸುವ ಹುಡುಗನಿಗೆ, ನನ್ನ ಜಾಗ ನನ್ನ ಆಟದಿಂದ ಸಿಗುತ್ತದೆ ಎನ್ನುವ ನಂಬಿಕೆ ಇರಬೇಕು.

ಇನ್ನು ಫೆಡರೇಷನ್. ಜೂನ್ 21ರ ಪತ್ರಿಕಾಗೋಷ್ಠಿಯಲ್ಲಿ ಸ್ಟಿಮಾಚ್ ಅಧ್ಯಕ್ಷ ಕಲ್ಯಾಣ್ ಚೌಬೆ ಮೇಲೆ ಹರಿಹಾಯ್ದರು. ಕೆಲಸ ಹೋದವರ ಕೋಪ ಅಂತ ಅದನ್ನು ಪಕ್ಕಕ್ಕಿಟ್ಟರೂ, ಕೆಲವು ಪ್ರಶ್ನೆಗಳು ಹಾಗೇ ಉಳಿಯುತ್ತವೆ. 2023ರ ಅಕ್ಟೋಬರ್‌ನಲ್ಲಿ ಅವರ ಒಪ್ಪಂದವನ್ನು 2026ರವರೆಗೆ ವಿಸ್ತರಿಸಿದ್ದು ಇದೇ ಫೆಡರೇಷನ್. ಏಷ್ಯನ್ ಕಪ್ ಬರೋಕೆ ಮೂರು ತಿಂಗಳಿತ್ತು, ವಿಶ್ವಕಪ್ ಅರ್ಹತಾ ಪಂದ್ಯ ಶುರುವೇ ಆಗಿರಲಿಲ್ಲ. ಆ ಫಲಿತಾಂಶ ನೋಡಿ ತೀರ್ಮಾನ ಮಾಡಿದ್ದರೆ ಏನಾಗುತ್ತಿತ್ತು? ಮೂರನೇ ಸುತ್ತು ತಲುಪದಿದ್ದರೆ ನಾನೇ ಹೋಗುತ್ತೇನೆ ಎಂದು ಸ್ಟಿಮಾಚ್ ಕೂಡ ಹೇಳಿದ್ದರು. ತಲುಪಲಿಲ್ಲ, ಆದರೆ ಅವರು ತಾವಾಗಿ ಹೋಗಲಿಲ್ಲ. ಫೆಡರೇಷನ್ ತೆಗೆಯಬೇಕಾಯಿತು. ಆಮೇಲೆ ಎರಡು ವರ್ಷದ ಬಾಕಿ ಹಣಕ್ಕಾಗಿ ಫಿಫಾ ಬಾಗಿಲು ತಟ್ಟುತ್ತೇನೆ ಎಂದರು. ಮಕ್ಕಳ ತಂಡಗಳಿಗೆ, ಅಕಾಡೆಮಿಗಳಿಗೆ ಹೋಗಬೇಕಿದ್ದ ದುಡ್ಡು ವಕೀಲರ ಕಡೆ ಹೋಗುವ ಹಾಗಾಯಿತು. ಇದು ಕೋಚ್ ಒಬ್ಬರ ತಪ್ಪಲ್ಲ.

2022ರ ಆಗಸ್ಟ್‌ನಲ್ಲಿ ಫಿಫಾ ನಮ್ಮನ್ನು ಅಮಾನತು ಮಾಡಿದ ಹತ್ತು ಹನ್ನೊಂದು ದಿನಗಳನ್ನೂ ಮರೆಯಬಾರದು. ಕೋವಿಡ್ ಕಾರಣ 2020ರಲ್ಲಿ ಒಂದೂ ಪಂದ್ಯ ಇರಲಿಲ್ಲ. ಇಷ್ಟೆಲ್ಲದರ ನಡುವೆ ತಂಡ ಒಡೆಯದೆ ಇದ್ದಿದ್ದಕ್ಕೆ ಸ್ಟಿಮಾಚ್‌ಗೆ ಶ್ರೇಯ ಸಲ್ಲಲೇಬೇಕು. ಹುಡುಗರು ಅವರನ್ನು ಇಷ್ಟಪಡುತ್ತಿದ್ದರು, ಅದು ಮೈದಾನದಲ್ಲಿ ಕಾಣುತ್ತಿತ್ತು.

ಹಾಗಾಗಿ ನನ್ನ ತೀರ್ಪು ಇದು: ಏಷ್ಯನ್ ಕಪ್ ಸೋಲಿಗೆ ಅವರೊಬ್ಬರನ್ನೇ ಹೊಣೆ ಮಾಡುವುದು ಸರಿಯಲ್ಲ. ಅಫ್ಘಾನಿಸ್ತಾನ ಮತ್ತು ಕುವೈತ್ ಪಂದ್ಯಗಳಿಗೆ ಮಾತ್ರ ಅವರು ಉತ್ತರ ಕೊಡಬೇಕು. ತೆಗೆದಿದ್ದು ತಪ್ಪಲ್ಲ. ಅದಕ್ಕೆ ಎಂಟು ತಿಂಗಳ ಮೊದಲು ಒಪ್ಪಂದ ಬೆಳೆಸಿದ್ದೇ ತಪ್ಪು.

ಹೀಗಾಗಿ ಭಾರತ 2027ರ ಏಷ್ಯನ್ ಕಪ್‌ಗಾಗಿ ಮತ್ತೆ ಬೇರೆ ಅರ್ಹತಾ ಸುತ್ತು ಆಡಬೇಕಾಯಿತು. ಸ್ಟಿಮಾಚ್ ಹೋದಾಗ, ಹೊಸ ಕೋಚ್ ಯಾರೇ ಬರಲಿ, ಗೋಲಿನಲ್ಲಿ ಗುರುಪ್ರೀತ್ ಇದ್ದರು. ಹಿಂದೆ ಅನ್ವರ್ ಅಲಿ, ಆಕಾಶ್ ಮಿಶ್ರಾ ಇದ್ದರು. ನಡುವೆ ಅಪುಯಾ, ಜೀಕ್ಸನ್. ಅಂಚಿನಲ್ಲಿ ಛಾಂಗ್ಟೆ. ಈ ಹೆಸರುಗಳನ್ನು ಬರೆಯೋಕೆ ಯಾರೂ ತಡಮಾಡುತ್ತಿರಲಿಲ್ಲ. ಆ ಹೊತ್ತಿಗೆ 151 ಪಂದ್ಯ ಆಡಿ 94 ಗೋಲು ಹೊಡೆದಿದ್ದ ಹನ್ನೊಂದನೇ ನಂಬರಿನ ಚೆಟ್ರಿ ನಿಲ್ಲುತ್ತಿದ್ದ ಜಾಗದಲ್ಲಿ ಯಾರ ಹೆಸರು ಬರೆಯಬೇಕು ಎನ್ನುವುದು 2019ರ ಮೇ ತಿಂಗಳಲ್ಲಿ ಎಷ್ಟು ಅಸ್ಪಷ್ಟವಾಗಿತ್ತೋ, 2024ರ ಜೂನ್‌ನಲ್ಲೂ ಅಷ್ಟೇ ಅಸ್ಪಷ್ಟವಾಗಿತ್ತು.